ಎಡಗೈಯ ಬಿಗಿಯೂ ಪಿಟೀಲಿನ ಪಾಠವೂ

ಕಪಿಲಾನದಿಯು ನಂಜನಗೂಡನ್ನು ಬಳಸಿ ಹರಿದು ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡುವ ಈ ಸೀಮೆಗೆ ಪಿಟೀಲು ಹೊಸ ವಾದ್ಯವಲ್ಲ. ಆ ವಾದ್ಯದಿಂದ ದಕ್ಷಿಣದೇಶವನ್ನೆಲ್ಲ ಗೆದ್ದ ಚೌಡಯ್ಯನವರು 1895ರಲ್ಲಿ ಹುಟ್ಟಿದುದು ಸಂಗಮದ ದಡದ ತಿರುಮಕೂಡಲಿನಲ್ಲಿಯೇ. ಆದುದರಿಂದ ನಂಜನಗೂಡಿನಲ್ಲಾಗಲಿ ತಿ. ನರಸೀಪುರದಲ್ಲಾಗಲಿ ವಿದ್ಯಾವಂತರಾದ ಗೃಹಸ್ಥರು ತಮ್ಮ ಮಕ್ಕಳಿಗೆ ಪಿಟೀಲು ಕಲಿಸಬೇಕೆಂದು ಆಸೆಪಡುವುದು ಸಹಜವೂ ಶ್ಲಾಘ್ಯವೂ ಆಗಿದೆ. ಆದರೆ ಹೀಗೆ ಪಾಠಕ್ಕೆ ಕುಳಿತ ಮಕ್ಕಳಲ್ಲಿ ಎಷ್ಟೋ ಮಂದಿ ಸರಳೆ ಜಂಟಿವರಸೆಗಳನ್ನು ದಾಟುವುದರೊಳಗಾಗಿ ವಾದ್ಯವನ್ನು ಬಿಟ್ಟುಬಿಡುತ್ತಾರೆ. ಕಾರಣವನ್ನು ವಿಚಾರಿಸಿದರೆ ಸಿದ್ಧವಾಗಿರುವ ಉತ್ತರ ಒಂದೇ: ಎಡಗೈ ಬಗ್ಗಲಿಲ್ಲ, ಹುಟ್ಟಾ ಬಿಗಿಯಾದ ಕೈ, ಈ ಮಗುವಿಗೆ ಪಿಟೀಲು ಬರತಕ್ಕದ್ದಲ್ಲ! ತೀರ್ಪು ಹೊರಬಿದ್ದ ಮಾರನೆಯ ದಿನ ವಾದ್ಯವು ಅಟ್ಟವನ್ನು ಸೇರುತ್ತದೆ. ತನ್ನ ಕೈಯಲ್ಲಿಯೇ ಏನೋ ಊನವಿದೆಯೆಂಬ ಭಾವನೆಯು ಮಗುವಿನ ಮನಸ್ಸನ್ನು ಸೇರುತ್ತದೆ. ಅಟ್ಟದಿಂದ ವಾದ್ಯವನ್ನು ಇಳಿಸುವುದು ಸುಲಭ. ಮನಸ್ಸಿನಿಂದ ಆ ಭಾವನೆಯನ್ನು ಇಳಿಸುವುದು ಸುಲಭವಲ್ಲ. ಈ ತೀರ್ಪು ಬಹುತೇಕ ವಿಚಾರವಿಲ್ಲದ ತೀರ್ಪೆಂಬುದನ್ನೂ, ಕಟಕಟೆಯಲ್ಲಿ ನಿಲ್ಲಬೇಕಾದವರು ಮಕ್ಕಳಲ್ಲವೆಂಬುದನ್ನೂ ವಾಚಕರು ಸಾವಧಾನವಾಗಿ ಪರಿಶೀಲಿಸಬೇಕಾಗಿದೆ.

ಈ ವಿಷಯದಲ್ಲಿ ಮೂರು ಪಕ್ಷಗಳು ಬಳಕೆಯಲ್ಲಿವೆ. ಬಗ್ಗದ ಕೈಯನ್ನು ಬಲವಂತವಾಗಿ ಬಗ್ಗಿಸಬೇಕೆಂಬುದು ಮೊದಲನೆಯದು. ನೋವನ್ನು ಸಹಿಸಿಕೊಂಡು ಗಂಟೆಗಟ್ಟಲೆ ಸಾಧಕ ಮಾಡಿದರೆ ಕೈ ತಾನೇ ದಾರಿಗೆ ಬರುವುದೆಂಬುದು ಎರಡನೆಯದು. ಅಂಗಸಾಧನೆಗಳಿಂದ ಕೈಯನ್ನು ಎಳೆದು ಹಿಗ್ಗಿಸಿದರೆ ಎಲ್ಲವೂ ಸರಿಹೋಗುವುದೆಂಬುದು ಈಚಿನವರ ಮೂರನೆಯ ಪಕ್ಷ. ಈ ಮೂರು ಪಕ್ಷದವರೂ ಒಬ್ಬರನ್ನೊಬ್ಬರು ಹಳಿಯುತ್ತಾರಾದರೂ ಮೂವರಿಗೂ ಆಧಾರವಾಗಿರುವ ನಂಬಿಕೆ ಒಂದೇ: ದೋಷವು ಮಗುವಿನ ಕೈಯಲ್ಲಿದೆ ಎಂಬುದು. ಕೊಂಬೆಗಳನ್ನು ಕಡಿಯುವುದಕ್ಕೆ ಮುಂಚೆ ಈ ಬೇರನ್ನೇ ಪರೀಕ್ಷಿಸತಕ್ಕದ್ದು.

ಮನುಷ್ಯದೇಹದ ಕೀಲುಗಳಲ್ಲೆಲ್ಲ ಅತ್ಯಂತ ಸ್ವತಂತ್ರವಾಗಿ ತಿರುಗತಕ್ಕದ್ದು ಹೆಗಲಿನ ಕೀಲು. ತೋಳಿನ ಮೂಳೆಯ ಗುಂಡಾದ ತಲೆಯು ಹೆಗಲಹಲಗೆಯ ಆಳವಿಲ್ಲದ ಗುಳಿಯಲ್ಲಿ ಆಡುತ್ತದೆ. ಆ ಹಲಗೆಯಾದರೂ ಒಂದೆಡೆ ನಾಟಿಕೊಂಡಿರದೆ ಪಕ್ಕೆಲುಬುಗಳ ಮೇಲೆ ಜಾರುತ್ತದೆ. ಮುಂಗೈಯಲ್ಲಿ ಎರಡು ಮೂಳೆಗಳುಂಟು. ಅಂಗೈಯನ್ನು ಮೇಲ್ಮುಖ ಮಾಡಿದಾಗ ಅವು ಅಕ್ಕಪಕ್ಕದಲ್ಲಿದ್ದು, ಕೆಳಮುಖ ಮಾಡಿದಾಗ ಒಂದು ಇನ್ನೊಂದರ ಮೇಲೆ ಅಡ್ಡಬರುತ್ತದೆ. ಬೆರಳುಗಳನ್ನು ಮಡಿಸುವ ದೊಡ್ಡ ಮಾಂಸಖಂಡಗಳು ಬೆರಳುಗಳಲ್ಲಿಲ್ಲ, ಮುಂಗೈಯಲ್ಲಿವೆ. ಅವುಗಳಿಂದ ಹೊರಟ ಹುರಿಗಳು ಮಣಿಕಟ್ಟಿನ ಇಕ್ಕಟ್ಟಾದ ದಾರಿಯಲ್ಲಿ ಹಾದು ಬೆರಳುಗಳನ್ನು ಸೇರುತ್ತವೆ. ಮಣಿಕಟ್ಟನ್ನು ಒಳಕ್ಕೆ ಪೂರಾ ಮಡಿಸಿಕೊಂಡು ಮುಷ್ಟಿಯನ್ನು ಬಿಗಿಹಿಡಿಯಲು ಯತ್ನಿಸಿದವರಿಗೆ ಇದರ ಅರ್ಥ ಕೂಡಲೆ ತಿಳಿಯುವುದು: ಮುಷ್ಟಿ ಕೂಡುವುದಿಲ್ಲ, ಬೆರಳುಗಳಿಗೆ ಬಲವೇ ಬರುವುದಿಲ್ಲ. ಹಾಗೆಯೇ ಪಿಟೀಲಿನಲ್ಲಿ ಬೆರಳು ಮಂದ್ರದ ತಂತಿಯನ್ನು ಮುಟ್ಟಬೇಕಾದರೆ ಮೊಣಕೈ ವಾದ್ಯದ ಕೆಳಗೆ ಒಳಕ್ಕೆ ಸರಿಯಬೇಕು; ಮೇಲಿನ ಪಂಚಮದ ತಂತಿಗೆ ಬರುವಾಗ ಹೊರಕ್ಕೆ ಸರಿಯಬೇಕು. ಮೊಣಕೈ ಸರಿಯದಿದ್ದರೆ ಅದರ ಕೆಲಸವನ್ನು ಮಣಿಕಟ್ಟು ತಿರುಚಿಕೊಂಡು ಮಾಡಬೇಕಾಗುತ್ತದೆ; ಮಣಿಕಟ್ಟು ತಿರುಚಿದಾಗ ಬೆರಳು ಕೆಡುತ್ತದೆ. ನೋಡುವವರ ಕಣ್ಣಿಗೆ ಬೀಳುವುದು ಬೆರಳಿನ ತಪ್ಪು. ಬೆರಳಿನ ಕಾರಣ ಮಣಿಕಟ್ಟಿನಲ್ಲಿ, ಮಣಿಕಟ್ಟಿನ ಕಾರಣ ಮೊಣಕೈಯಲ್ಲಿ, ಮೊಣಕೈಯ ಕಾರಣ ಹೆಗಲಿನಲ್ಲಿ, ಹೆಗಲಿನ ಕಾರಣ ಕುಳಿತ ಭಂಗಿಯಲ್ಲಿ ಇರುವುದೆಂಬುದನ್ನು ಹುಡುಕಿ ನೋಡುವವರು ವಿರಳ.

ಹಾಗಾದರೆ ಹೆಗಲು ಮೊಣಕೈಗಳು ಸರಿಯದೆ ನಿಲ್ಲುವುದೇತಕ್ಕೆ? ತರ್ಕಶಾಸ್ತ್ರವು ಕಾರಣವನ್ನು ಹುಡುಕುವ ದಾರಿಯನ್ನು ತೋರಿಸಿಕೊಟ್ಟಿದೆ. ಯಾವುದು ಇದ್ದರೆ ಕಾರ್ಯವು ಇರುವುದೋ, ಯಾವುದು ಇಲ್ಲದಿದ್ದರೆ ಕಾರ್ಯವು ಇಲ್ಲವೋ, ಅದನ್ನೇ ಕಾರಣವೆಂದು ಎಣಿಸತಕ್ಕದ್ದು, ಅನ್ವಯವ್ಯತಿರೇಕಗಳೆಂದರೆ ಇವೇ. ಬಿಗಿಗೈಯೆಂದು ಹೆಸರಾದ ಮಗುವನ್ನು ವಾದ್ಯವಿಲ್ಲದೆ ಚಕ್ಕಳಮಕ್ಕಳ ಹಾಕಿ ಕುಳ್ಳಿರಿಸಿ, ಎಡ ಅಂಗೈಯನ್ನು ತನ್ನ ಮುಖದ ಕಡೆಗೆ ತಿರುಗಿಸಿಕೊಂಡು ಮೊಣಕೈಯನ್ನು ಹೊಟ್ಟೆಯ ಮುಂದಕ್ಕೂ ಪಕ್ಕಕ್ಕೂ ಆಡಿಸುವಂತೆ ಹೇಳಿದರೆ, ಆ ಮಗು ನಗುನಗುತ್ತಾ ಆಡಿಸುತ್ತದೆ. ಮರ ಹತ್ತುವ, ಬೆನ್ನ ಹಿಂದಕ್ಕೆ ಕೈ ಕಟ್ಟಿ ಓಡುವ ಮಕ್ಕಳ ಕೀಲುಗಳು ದೊಡ್ಡವರ ಕೀಲುಗಳಿಗಿಂತ ಸಡಿಲವಾಗಿಯೇ ಇರತಕ್ಕವು. ಅದೇ ಕೈಗೆ ವಾದ್ಯವನ್ನು ಕೊಟ್ಟ ಕ್ಷಣವೇ ಹೆಗಲು ಕಿವಿಯ ಕಡೆಗೆ ಏರುತ್ತದೆ, ಹೆಬ್ಬೆರಳು ವಾದ್ಯದ ಕೊರಳನ್ನು ಹಿಸುಕುತ್ತದೆ, ಮೊಣಕೈ ಪಕ್ಕೆಗೆ ಅಂಟಿಕೊಳ್ಳುತ್ತದೆ. ವಾದ್ಯವಿದ್ದಾಗ ಬಿಗಿಯುಂಟು, ವಾದ್ಯವಿಲ್ಲದಾಗ ಬಿಗಿಯಿಲ್ಲ. ಹೀಗಿರುವಲ್ಲಿ ಬಿಗಿಯು ಕೈಯ ಸ್ವಭಾವವೆಂದು ಹೇಳುವುದು ಹೇತ್ವಾಭಾಸವೇ ಹೊರತು ಹೇತುವಲ್ಲ. ವಾದ್ಯವನ್ನು ಹಿಡಿದ ಬಗೆಯಲ್ಲಿ, ಇಲ್ಲವೆ ಹಿಡಿದ ವಾದ್ಯದಲ್ಲಿಯೇ, ಕಾರಣವನ್ನು ಹುಡುಕಬೇಕು.

ಮೊದಲು ಹಿಡಿತವನ್ನು ನೋಡೋಣ. ಯೂರೋಪಿನಿಂದ ಬಂದ ಈ ವಾದ್ಯವನ್ನು ಕರ್ಣಾಟಕ ಸಂಗೀತಕ್ಕೆ ತಂದವರಲ್ಲಿ ಮೊದಲಿಗರೆಂದು ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರನ್ನು (1786–1858) ಹೇಳುವರು. ವಾದ್ಯ ಬಂದಿತು, ಅದರೊಡನೆ ನಿಂತು ನುಡಿಸುವ ಅಲ್ಲಿನ ಭಂಗಿ ಬರಲಿಲ್ಲ. ನಮ್ಮವರು ನೆಲದ ಮೇಲೆ ಕುಳಿತು, ವಾದ್ಯದ ಒಂದು ತುದಿಯನ್ನು ಎಡಹೆಗಲಿಗೂ ಎದೆಗೂ ಆನಿಸಿ, ಸುರುಳಿತಲೆಯನ್ನು ಬಲಗಾಲಿನ ಹರಡಿನ ಮೇಲೆ ಊರಿದರು. ಇದು ಅನುಕೂಲಕ್ಕಾಗಿ ಮಾಡಿಕೊಂಡ ಅಡ್ಡದಾರಿಯೆಂದು ಭಾವಿಸುವವರುಂಟು; ಆ ಭಾವನೆ ತಪ್ಪು. ಕರ್ಣಾಟಕ ಸಂಗೀತದ ಜೀವವು ಗಮಕದಲ್ಲಿದೆ. ಗಮಕಕ್ಕಾಗಿ ಬೆರಳು ಸ್ವರದಿಂದ ಸ್ವರಕ್ಕೆ ತಂತಿಯ ಮೇಲೆ ಜಾರಬೇಕು. ಕೈ ಜಾರಬೇಕಾದರೆ ಅದು ಭಾರವನ್ನು ಹೊತ್ತಿರಬಾರದು. ಎರಡು ತುದಿಗಳಲ್ಲಿ ದೇಹವೇ ವಾದ್ಯವನ್ನು ಹೊತ್ತರೆ ಎಡಗೈಗೆ ಹಾಡುವುದೊಂದೇ ಕೆಲಸ ಉಳಿಯುತ್ತದೆ. ಹಳಬರು ಇಷ್ಟನ್ನು ಯೋಚಿಸಿಯೇ ಈ ಭಂಗಿಯನ್ನು ನೆಲೆಗೊಳಿಸಿದರು.

ಇದೇ ತೊಡಕು ಪಶ್ಚಿಮದವರಿಗೂ ಬಂದಿತ್ತು. ಕೈ ಮೇಲಕ್ಕೂ ಕೆಳಕ್ಕೂ ಸಂಚರಿಸಬೇಕಾದಾಗ ವಾದ್ಯವು ಜಾರುವುದನ್ನು ಕಂಡ ಜರ್ಮನಿಯ ಲೂಯಿ ಸ್ಪೋರ್ ಎಂಬ ವಾದಕನು 1820ರ ಸುಮಾರಿನಲ್ಲಿ ಗದ್ದವನ್ನು ಊರಿ ವಾದ್ಯವನ್ನು ಹಿಡಿಯುವ ಒಂದು ಸಾಧನವನ್ನು ಕಲ್ಪಿಸಿದನು. ಅವರು ಗದ್ದದಿಂದ ಸಾಧಿಸಿದುದನ್ನು ಇವರು ಕಾಲಿನ ಹರಡಿನಿಂದ ಸಾಧಿಸಿದರು. ದೇಶ ಬೇರೆ, ಉಪಾಯ ಬೇರೆ, ತತ್ತ್ವ ಒಂದೇ: ಎಡಗೈಯನ್ನು ಹೊರೆಯಿಂದ ಬಿಡಿಸತಕ್ಕದ್ದು. ಹೀಗಿದ್ದರೂ ಪಾಠದ ಮನೆಗಳಲ್ಲಿ ಮಗುವಿನ ಬೆರಳನ್ನು ತಿದ್ದುವವರು ನೂರು ಮಂದಿಯಾದರೆ ಸುರುಳಿತಲೆಯು ಹರಡಿನ ಮೇಲೆ ಭದ್ರವಾಗಿ ಕುಳಿತಿದೆಯೇ ಎಂದು ಬಗ್ಗಿ ನೋಡುವವರು ಹತ್ತು ಮಂದಿ ಸಿಕ್ಕುವುದೂ ಕಷ್ಟ. ಅದು ಅಲ್ಲಾಡಿದರೆ ಹೆಬ್ಬೆರಳು ಕಂಬವಾಗುತ್ತದೆ, ಅಂಗೈ ತೊಲೆಯಾಗುತ್ತದೆ. ಕಂಬವನ್ನೂ ತೊಲೆಯನ್ನೂ ಕುಣಿಯೆಂದರೆ ಕುಣಿಯುವುದುಂಟೆ?

ಹಿಡಿತದೊಡನೆ ಒತ್ತಡವನ್ನೂ ಸೇರಿಸಿ ಹೇಳಬೇಕು. ತಂತಿಯಿಂದ ಶುದ್ಧವಾದ ಸ್ವರ ಹೊರಡುವುದಕ್ಕೆ ಬೇಕಾದ ಒತ್ತು ಬಹಳ ಸ್ವಲ್ಪ. ಕಮಾನನ್ನು ಎಳೆಯುತ್ತಿರುವಾಗಲೇ ಬೆರಳನ್ನು ಮೆಲ್ಲಮೆಲ್ಲನೆ ಸಡಿಲಿಸುತ್ತ ಹೋದರೆ ಒಂದು ಹಂತದಲ್ಲಿ ನಾದ ಒಡೆಯುತ್ತದೆ. ಅಲ್ಲಿಂದ ಎಳ್ಳಷ್ಟು ಒತ್ತಿದರೆ ನಾದ ಕೂಡುತ್ತದೆ. ಅಷ್ಟೇ ಸಾಕು. ಅದಕ್ಕಿಂತ ಹೆಚ್ಚಾದುದೆಲ್ಲ ವ್ಯರ್ಥ. ವ್ಯರ್ಥವಷ್ಟೇ ಅಲ್ಲ, ಹಾನಿಕರ. ಬೆರಳು ಮೇಲಿನಿಂದ ಒತ್ತಿದಷ್ಟನ್ನು ಹೆಬ್ಬೆರಳು ಕೆಳಗಿನಿಂದ ಎದುರೊತ್ತಬೇಕಾಗುತ್ತದೆ. ಈ ಎರಡರ ನಡುವೆ ಮುಂಗೈ ಕಲ್ಲಾಗುತ್ತದೆ. ಬೆರಳಿನ ತುದಿಯಲ್ಲಿ ಆಳವಾದ ತಂತಿಯ ಗೆರೆ ಬಿದ್ದುದನ್ನು ಸಾಧಕದ ಕುರುಹೆಂದು ಮೆಚ್ಚುವ ಹಿರಿಯರು, ತಾವು ಮೆಚ್ಚುತ್ತಿರುವುದು ಬಿಗಿಯ ಕುರುಹಾಗಿರಬಹುದೆಂದು ಶಂಕಿಸಿದರೆ ಒಳ್ಳೆಯದು.

ಇನ್ನು ವಾದ್ಯ. ಪೂರ್ಣಪ್ರಮಾಣದ ಪಿಟೀಲಿನ ಒಡಲಿನ ಉದ್ದ ಸುಮಾರು 14 ಅಂಗುಲ. ಮಕ್ಕಳಿಗಾಗಿ ಮುಕ್ಕಾಲು, ಅರ್ಧ, ಕಾಲು ಎಂಬ ಹೆಸರಿನ ಅಳತೆಗಳುಂಟು. ಅರ್ಧವೆಂದರೆ ಉದ್ದದಲ್ಲಿ ಅರ್ಧವಲ್ಲ, ಸುಮಾರು ಹನ್ನೆರಡೂವರೆ ಅಂಗುಲ. ಎರಡು ಅಂಗುಲಕ್ಕೂ ಕಡಿಮೆಯಾದ ಈ ವ್ಯತ್ಯಾಸವೇನು ಮಹಾ ಎಂದು ಕೇಳುವವರು ಸ್ವರಸ್ಥಾನಗಳ ನಡುವಣ ದೂರವೂ ವಾದ್ಯದ ಕೊರಳಿನ ದಪ್ಪವೂ ಒಡಲಿನೊಡನೆ ಬೆಳೆಯುತ್ತವೆಂಬುದನ್ನು ಮರೆತವರು. ಎಂಟು ವರ್ಷದ ಮಗುವಿನ ಕೈಗೆ ಪೂರ್ಣಪ್ರಮಾಣದ ವಾದ್ಯವನ್ನು ಕೊಟ್ಟರೆ ಸುರುಳಿತಲೆಯನ್ನು ಮುಟ್ಟುವುದಕ್ಕಾಗಿ ತೋಳು ಪೂರಾ ಚಾಚಿಕೊಳ್ಳುತ್ತದೆ. ಪೂರಾ ಚಾಚಿದ ತೋಳಿನಲ್ಲಿ ಮೊಣಕೈಯನ್ನು ಒಳಕ್ಕೆ ತರುವ ಅವಕಾಶವೇ ಉಳಿಯುವುದಿಲ್ಲ. ಇದರ ಮೇಲೆ ಚಿಕ್ಕ ಕಾಲಿನ ಹರಡು ವಾದ್ಯದ ತಲೆಗೆ ನಿಲುಕದೆ ಮಗು ಸೊಂಟವನ್ನು ತಿರುಚಿಕೊಂಡು ಕೂಡುತ್ತದೆ. ಆಗ ಕೈ ಬಗ್ಗಲಿಲ್ಲವೆಂಬ ದೂರು ಹೊರಡುತ್ತದೆ! ಅಪ್ಪನ ಪಾದರಕ್ಷೆಯನ್ನು ಮಗುವಿಗೆ ತೊಡಿಸಿ, ನಡಿಗೆ ನೆಟ್ಟಗಿಲ್ಲವೆಂದು ಕಾಲಿಗೆ ಮದ್ದು ಅರೆಯುವವರನ್ನು ವಿವೇಕಿಗಳೆಂದು ಯಾರು ಕರೆದಾರು?

ಇಷ್ಟು ತಿಳಿದ ಮೇಲೆ ಮೂರು ಪಕ್ಷಗಳನ್ನೂ ಒಂದೊಂದಾಗಿ ಪರಿಶೀಲಿಸಬಹುದು. ಬಲವಂತದ ಪಕ್ಷಕ್ಕೆ ಹೆಚ್ಚು ಮಾತು ಬೇಕಾಗಿಲ್ಲ. ಮಗುವಿನ ಮೊಣಕೈಯನ್ನು ಹಿಡಿದೆಳೆಯುವುದು, ಬೆರಳುಗಳನ್ನು ಹಿಂದಕ್ಕೆ ಅದುಮುವುದು, ಮಣಿಕಟ್ಟಿನ ಮೇಲೆ ಹೊಡೆಯುವುದು, ಇವುಗಳಿಂದ ಆಗುವ ಫಲ ಒಂದೇ: ಭಯ. ಭಯಗೊಂಡ ದೇಹವು ಮೊದಲು ಮಾಡುವ ಕೆಲಸವೆಂದರೆ ಮಾಂಸಖಂಡಗಳನ್ನು ಬಿಗಿಮಾಡಿಕೊಳ್ಳುವುದು. ಬಿಗಿಯನ್ನು ಬಿಡಿಸಲು ಭಯವನ್ನು ಬಳಸುವವರು ಬೆಂಕಿಯನ್ನು ಆರಿಸಲು ತುಪ್ಪವನ್ನು ತಂದವರಿಗೆ ಸಮಾನರು. ಎಳೆಯ ಕೀಲನ್ನು ಪರರ ಕೈ ಎಳೆದಾಗ ಎಲ್ಲಿ ನಿಲ್ಲಿಸಬೇಕೆಂಬುದು ಎಳೆಯುವವರಿಗೆ ಗೊತ್ತಾಗುವುದಿಲ್ಲವೆಂಬುದೂ ಸ್ಮರಣೆಯಲ್ಲಿರಲಿ.

ಎರಡನೆಯ ಪಕ್ಷವು ಗೌರವಾರ್ಹರ ಪಕ್ಷ. ಅವರು ಚೌಡಯ್ಯನವರನ್ನೇ ಸಾಕ್ಷಿಗೆ ಕರೆಯುತ್ತಾರೆ. ಆ ಮಹನೀಯರು ಯಾವ ಅಂಗಸಾಧನೆಯನ್ನು ಮಾಡಿದ್ದರು? ಗುರುಕುಲದಲ್ಲಿ ಹಗಲಿರುಳು ಸಾಧಕ ಮಾಡಿದವರಲ್ಲವೆ? ನೋವಿಗೆ ಹೆದರಿದ್ದರೆ ಅವರು ಚೌಡಯ್ಯನವರಾಗುತ್ತಿದ್ದರೆ? ಹೀಗೆ ಈ ಪಕ್ಷದವರು ಕೇಳುತ್ತಾರೆ. ಸಾಧಕದ ಮಹತ್ತ್ವವನ್ನು ಅಲ್ಲಗಳೆಯುವವರು ಯಾರೂ ಇಲ್ಲ. ಆದರೆ ಬಹಳ ಸಾಧಕವೆಂಬುದೂ ಬಹಳ ನೋವೆಂಬುದೂ ಒಂದೇ ಅಲ್ಲ. ನೋವಿನಲ್ಲಿ ನುಡಿಸಿ ಮೇಲೆ ಬಂದವನೊಬ್ಬನ ಹೆಸರನ್ನು ಹೇಳುವವರು, ಅದೇ ನೋವಿನಲ್ಲಿ ವಾದ್ಯವನ್ನು ಬಿಟ್ಟವರ ಹೆಸರುಗಳನ್ನು ಹೇಳಲಾರರು. ಬಿಟ್ಟವರ ಹೆಸರನ್ನು ಯಾರೂ ಬರೆದಿಡುವುದಿಲ್ಲವಷ್ಟೆ. ಗೆದ್ದವರನ್ನು ಮಾತ್ರ ಎಣಿಸಿ ಕಟ್ಟಿದ ವ್ಯಾಪ್ತಿಯು ವ್ಯಾಪ್ತಿಯೇ ಅಲ್ಲ.

ಚೌಡಯ್ಯನವರ ಚರಿತ್ರೆಯನ್ನೇ ಸರಿಯಾಗಿ ಓದಿದರೆ ಅದು ಈ ಪಕ್ಷಕ್ಕೆ ವಿರೋಧವಾಗಿ ಸಾಕ್ಷಿ ಹೇಳುತ್ತದೆ. ಅವರ ಗುರುಗಳಾದ ಬಿಡಾರಂ ಕೃಷ್ಣಪ್ಪನವರು ಹೆಸರಾಂತ ಗಾಯಕರು. ಗಾಯಕರ ಬಳಿ ಕಲಿತ ಶಿಷ್ಯನ ಎಡಗೈಗೆ ಅಳತೆಗೋಲಾದುದು ಕೊರಳು. ಕೈ ಎಷ್ಟು ನೊಂದಿತೆಂಬುದಲ್ಲ, ನಾದವು ಎಷ್ಟರಮಟ್ಟಿಗೆ ಕೊರಳನ್ನು ಹೋಲಿತೆಂಬುದೇ ಅಲ್ಲಿ ಪರೀಕ್ಷೆ. ಇದಕ್ಕಿಂತಲೂ ದೊಡ್ಡ ಸಾಕ್ಷ್ಯ ಇನ್ನೊಂದುಂಟು. ಧ್ವನಿವರ್ಧಕಗಳು ಸಭೆಗಳಿಗೆ ಬಾರದಿದ್ದ ಕಾಲದಲ್ಲಿ ಹಿಂದಿನ ಸಾಲಿನವರಿಗೆ ಪಿಟೀಲು ಕೇಳಿಸದೆಂಬ ಕೊರತೆಯಿತ್ತು. ಆ ಕೊರತೆಯನ್ನು ಕಂಡ ಚೌಡಯ್ಯನವರು ಇನ್ನೂ ಬಲವಾಗಿ ಒತ್ತಬೇಕೆಂದಾಗಲಿ, ಕೈಗಳನ್ನು ಇನ್ನಷ್ಟು ದಂಡಿಸಬೇಕೆಂದಾಗಲಿ ತೀರ್ಮಾನಿಸಲಿಲ್ಲ. ನಾಲ್ಕು ತಂತಿಗಳಿಗೆ ಇನ್ನೂ ಮೂರನ್ನು ಕೂಡಿಸಿ 1927ರಲ್ಲಿ ಏಳು ತಂತಿಗಳ ಪಿಟೀಲನ್ನು ಮಾಡಿಕೊಂಡರು. ಶತಮಾನಗಳಿಂದ ನಾಲ್ಕೇ ತಂತಿಯಿದ್ದ ವಾದ್ಯದ ಮೇಲೆ ಕೈಯಿಟ್ಟು ಅದನ್ನು ಬದಲಾಯಿಸುವ ಧೈರ್ಯವನ್ನು ಅವರು ತೋರಿಸಿದರು. 1957ರಲ್ಲಿ ಮದರಾಸಿನ ಸಂಗೀತ ಅಕಾಡೆಮಿಯು ಅವರಿಗೆ ಸಂಗೀತ ಕಲಾನಿಧಿಯೆಂಬ ಬಿರುದನ್ನಿತ್ತು ಗೌರವಿಸಿತು. 1967ರಲ್ಲಿ ಅವರು ದಿವಂಗತರಾದ ಮೇಲೆ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಸಭಾಭವನವೇ ಅವರ ಹೆಸರಿನಲ್ಲಿ ಎದ್ದಿತು. ಅವರಿಂದ ಕಲಿಯಬೇಕಾದ ಪಾಠವು ಇದು: ವಾದ್ಯವನ್ನು ಮನುಷ್ಯನ ಕೆಲಸಕ್ಕೆ ಹೊಂದಿಸಬೇಕೇ ಹೊರತು ಮನುಷ್ಯನನ್ನು ವಾದ್ಯಕ್ಕಾಗಿ ಮುರಿಯಬಾರದು. ಅವರು ಹುಟ್ಟಿದ ತಾಲ್ಲೂಕಿನಲ್ಲಿಯೇ ಮಗುವಿಗೆ ಚಿಕ್ಕ ಪಿಟೀಲನ್ನು ತಂದುಕೊಡಲು ಬೇಸರಪಟ್ಟು, ಮಗುವಿನ ತೋಳನ್ನು ದೊಡ್ಡ ಪಿಟೀಲಿಗೆ ಒಗ್ಗಿಸಹೊರಡುವುದು, ಅದನ್ನು ಅವರ ಹೆಸರಿನಲ್ಲಿಯೇ ಸಮರ್ಥಿಸುವುದು, ಎಂತಹ ವಿಪರ್ಯಾಸ!

ನೋವೆಲ್ಲವನ್ನೂ ಸಾಧಕವೆಂದು ಕರೆಯುವುದರಲ್ಲಿ ಇನ್ನೊಂದು ಅಪಾಯವುಂಟು. ಹೊಸದಾಗಿ ಕಲಿಯುವವರ ಬೆರಳ ತುದಿ ಉರಿಯುವುದು ಸಾಮಾನ್ಯ. ಅದು ನಾಲ್ಕು ದಿನದ ಮಾತು. ಆದರೆ ಉಂಗುರದ ಬೆರಳೂ ಕಿರುಬೆರಳೂ ಪದೇ ಪದೇ ಜೋಮು ಹಿಡಿಯತೊಡಗಿದರೆ ಅದು ಬೇರೆಯ ಮಾತು. ಆ ಬೆರಳುಗಳಿಗೆ ಹೋಗುವ ನರವು ಮೊಣಕೈಯ ಹಿಂಬದಿಯಲ್ಲಿ ಚರ್ಮದ ಕೆಳಗೇ ಹಾದುಹೋಗುತ್ತದೆ. ಮೊಣಕೈಯನ್ನು ಬಹಳ ಹೊತ್ತು ಮಡಿಸಿ ಹಿಡಿದರೆ ಅದು ಎಳೆತಕ್ಕೂ ಒತ್ತಡಕ್ಕೂ ಸಿಕ್ಕುತ್ತದೆ. ಹಾಗೆಯೇ ನಲವತ್ತು ದಾಟಿದ ಮೇಲೆ ಪಿಟೀಲನ್ನು ಕಲಿಯತೊಡಗುವ ಗೃಹಸ್ಥರೂ ಗೃಹಿಣಿಯರೂ ಈಗ ಇದ್ದಾರೆ. ಆ ವಯಸ್ಸಿನಲ್ಲಿ, ಅದರಲ್ಲಿಯೂ ಮಧುಮೇಹವುಳ್ಳವರಲ್ಲಿ, ಹೆಗಲಿನ ಕೀಲಿನ ಸುತ್ತಣ ಪೊರೆಯು ಕುಗ್ಗಿ ತೋಳು ಮೇಲೇಳದಂತಾಗುವ ಒಂದು ರೋಗವುಂಟು. ಅದು ವಾಸಿಯಾಗಲು ಅನೇಕ ತಿಂಗಳುಗಳು, ಕೆಲವೊಮ್ಮೆ ಒಂದು ವರ್ಷಕ್ಕೂ ಮೇಲ್ಪಟ್ಟ ಕಾಲ ಹಿಡಿಯುತ್ತದೆ. ಇವುಗಳಿಗೆ ವೈದ್ಯರನ್ನು ಕಾಣಬೇಕು. ರೋಗಿಗಳು ಹರಕೆ ಹೊತ್ತು ನಂಜುಂಡೇಶ್ವರನ ಸನ್ನಿಧಿಗೆ ಬರುವ ಊರಿನಲ್ಲಿ, ನೋವೇ ವಿದ್ಯೆಯ ಲಕ್ಷಣವೆಂದು ಬೋಧಿಸುವುದು ವಿದ್ಯೆಗೂ ಶೋಭೆಯಲ್ಲ, ಊರಿಗೂ ಶೋಭೆಯಲ್ಲ.

ಮೂರನೆಯ ಪಕ್ಷದವರು ನವೀನರು. ಇವರ ಕೈಯಲ್ಲಿ ಒಂದು ಒಳ್ಳೆಯ ದೃಷ್ಟಾಂತವಿದೆ. ಅದು ಮೈಸೂರಿಗೇ ಸಂಬಂಧಪಟ್ಟದ್ದು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ತೆರೆದರು. ಅವರ ಬಳಿ ಮೈಸೂರಿನಲ್ಲಿ ಕಲಿತವರು ಕೋಲಾರ ಸೀಮೆಯ ಬೆಳ್ಳೂರಿನವರಾದ ಬಿ. ಕೆ. ಎಸ್. ಅಯ್ಯಂಗಾರರು. ಜಗದ್ವಿಖ್ಯಾತ ಪಿಟೀಲುವಾದಕ ಯೆಹೂದಿ ಮೆನುಹಿನ್ ಅವರು 1952ರಲ್ಲಿ ಇಂಡಿಯಾಕ್ಕೆ ಬಂದಾಗ ಮುಂಬಯಿಯಲ್ಲಿ ಅಯ್ಯಂಗಾರರನ್ನು ಕಂಡು ಅವರ ಶಿಷ್ಯರಾದರು. ಮುಂದೆ, ತಮ್ಮ ಪಿಟೀಲಿನ ಗುರುಗಳಲ್ಲಿ ಇವರೇ ಶ್ರೇಷ್ಠರೆಂಬರ್ಥದ ಮಾತನ್ನು ಕೆತ್ತಿಸಿದ ಗಡಿಯಾರವನ್ನು ಅವರಿಗೆ ಕಾಣಿಕೆಯಾಗಿ ಕೊಟ್ಟರು. ಪಿಟೀಲನ್ನೇ ನುಡಿಸದ ಯೋಗಾಚಾರ್ಯರಿಗೆ ಸಂದ ಈ ಮನ್ನಣೆಯನ್ನು ನೆನೆದು ಮೈಸೂರು ಸೀಮೆಯವರು ಹೆಮ್ಮೆಪಡುವುದು ನ್ಯಾಯವೇ.

ಆದರೆ ದೃಷ್ಟಾಂತದಿಂದ ಇವರು ತೆಗೆಯುವ ನಿಗಮನವು ಸರಿಯಲ್ಲ. ಮೆನುಹಿನ್ ಅವರು ಬಾಲ್ಯದಿಂದ ಸಭೆಗಳಲ್ಲಿ ನುಡಿಸಿ ದಣಿದಿದ್ದ ಪ್ರೌಢರು. ಮೈನೋವೂ ಆಯಾಸವೂ ಅವರನ್ನು ಕಾಡುತ್ತಿದ್ದವು. ಮೊದಲ ಭೇಟಿಯಲ್ಲಿ ಅಯ್ಯಂಗಾರರು ಅವರ ಕೈಗಳನ್ನು ಎಳೆಯಲಿಲ್ಲ, ಅವರಿಗೆ ವಿಶ್ರಾಂತಿಯನ್ನು ಕೊಟ್ಟರೆಂದು ಆ ವೃತ್ತಾಂತವನ್ನು ಬಲ್ಲವರು ಹೇಳುತ್ತಾರೆ. ಆಸನವೆಂದರೇನೆಂಬುದನ್ನು ವಿವರಿಸುವ ಪತಂಜಲಿಯು ಅದಕ್ಕೆ ಬೇಕೆಂದುದು ಎರಡೇ ಗುಣ: ಅಲುಗದಿರುವುದು, ಹಾಯಾಗಿರುವುದು. ಹೆಚ್ಚು ಬಗ್ಗುವುದನ್ನು ಅವನು ಕೇಳಲಿಲ್ಲ. ಅಲುಗದ ವಾದ್ಯ, ಹಾಯಾದ ದೇಹ, ಇವೆರಡೂ ಕೂಡಿದಲ್ಲಿ ಪಿಟೀಲಿನ ಆಸನವು ಸಿದ್ಧಿಸಿತು. ಅವುಗಳನ್ನು ಬಿಟ್ಟು ದಿನವೂ ಅರ್ಧಗಂಟೆ ತೋಳನ್ನು ಎಳೆದಾಡಿ, ಆಮೇಲೆ ಹಿಂದಿನಂತೆಯೇ ವಾದ್ಯವನ್ನು ಹಿಸುಕಿ ಹಿಡಿದರೆ ಬಂದ ಭಾಗ್ಯವೇನು? ಎಣ್ಣೆ ತಿಕ್ಕಿ ಬಿಸಿನೀರು ಹಾಕುವ ಮನೆಯ ಮದ್ದಿಗೂ ಇದೇ ಉತ್ತರ. ಅದು ದಣಿವನ್ನು ಕಳೆಯಬಲ್ಲುದು. ದಣಿವಿನ ಕಾರಣವನ್ನು ಕಳೆಯಲಾರದು.

ಇದಲ್ಲದೆ ಈಗ ಮೊಬೈಲಿನಲ್ಲಿ ದೇಶದೇಶಗಳ ಪಾಠಗಳು ದೊರೆಯುತ್ತವೆ. ಅವುಗಳಲ್ಲಿ ಎಡಗೈಗೆಂದು ಹೇಳುವ ಸಾಧನೆಗಳು ಬಹುಮಟ್ಟಿಗೆ ವಾದ್ಯವನ್ನು ಗದ್ದದ ಕೆಳಗೆ ಎತ್ತಿ ಹಿಡಿದು, ನಾಲ್ಕು ಬೆರಳುಗಳನ್ನೂ ನಾಲ್ಕು ಸ್ಥಾನಗಳಿಗೆ ಚಾಚಿ ಊರುವವರಿಗಾಗಿ ಏರ್ಪಟ್ಟವು. ತೋಳನ್ನು ಎತ್ತಿ ಹಿಡಿಯಬೇಕಾದ ಶ್ರಮ ಅವರಿಗುಂಟು, ನೆಲದ ಮೇಲೆ ಕುಳಿತವರಿಗೆ ಅಷ್ಟಿಲ್ಲ. ಬೆರಳನ್ನು ಜಾರಿಸುವ ಕೆಲಸ ಇಲ್ಲಿಯವರಿಗೆ ಹೆಚ್ಚು, ಅವರಿಗೆ ಕಡಿಮೆ. ಒಬ್ಬರ ಕಷಾಯವನ್ನು ಇನ್ನೊಬ್ಬರು ಕುಡಿಯುವುದೇತಕ್ಕೆ? ಕರ್ಣಾಟಕ ಪದ್ಧತಿಯ ಪಾಠವನ್ನೇ ದೂರದಲ್ಲಿರುವ ವಿದ್ವಾಂಸರಿಂದ ಕಲಿಯುವವರಿಗೂ ಒಂದು ಎಚ್ಚರಿಕೆ ಬೇಕು. ಪರದೆಯ ಮೇಲೆ ಬೆರಳುಗಳು ಕಾಣುತ್ತವೆ. ಸುರುಳಿತಲೆಯನ್ನು ಹೊತ್ತ ಬಲಗಾಲು ಸಾಮಾನ್ಯವಾಗಿ ಕಾಣುವುದಿಲ್ಲ. ಮೂಲವು ಮರೆಯಾಗಿ ತುದಿ ಮಾತ್ರ ಕಂಡರೆ ತಿದ್ದುವ ವಿದ್ವಾಂಸರಾದರೂ ಏನು ಮಾಡಿಯಾರು? ಪಾಠಕ್ಕೆ ಕುಳಿತ ಮಗುವಿನ ಇಡೀ ದೇಹವು ಗುರುಗಳ ಕಣ್ಣಿಗೆ ಬೀಳುವಂತೆ ಏರ್ಪಡಿಸುವುದು ಮನೆಯವರ ಹೊಣೆ.

ಹಾಗಾದರೆ ಅಂಗಸಾಧನೆಯೇ ಬೇಡವೇ ಎಂದು ಕೇಳಬಹುದು. ಬೇಕು, ಆದರೆ ಅದರ ಸ್ಥಾನ ಎರಡನೆಯದು. ಹಿಡಿತವನ್ನೂ ಅಳತೆಯನ್ನೂ ಸರಿಪಡಿಸಿದ ಮೇಲೆ, ಪಾಠಕ್ಕೆ ಮುಂಚೆ ಹೆಗಲುಗಳನ್ನು ಮೆಲ್ಲಗೆ ಮೇಲಕ್ಕೆತ್ತಿ ಉಸಿರಿನೊಡನೆ ಕೆಳಕ್ಕೆ ಬಿಡುವುದು, ತೋಳನ್ನು ಇಳಿಬಿಟ್ಟು ಲೋಲಕದಂತೆ ತೂಗುವುದು, ಅಂಗೈಯನ್ನು ಮೇಲಕ್ಕೂ ಕೆಳಕ್ಕೂ ತಿರುಗಿಸುವುದು, ಇಷ್ಟು ಸಾಕು. ಪುಷ್ಯಮಾಸದ ಚಳಿಯ ಬೆಳಗುಗಳಲ್ಲಿ ಕೈಗಳನ್ನು ಬೆಚ್ಚಗೆ ಮಾಡಿಕೊಂಡೇ ವಾದ್ಯವನ್ನು ಮುಟ್ಟತಕ್ಕದ್ದು. ಅನಂತರ ಕಮಾನನ್ನು ಕೆಳಗಿಟ್ಟು, ಬೆರಳನ್ನು ತಂತಿಯ ಮೇಲೆ ಹಗುರವಾಗಿರಿಸಿ, ಮಂದ್ರದ ತಂತಿಯಿಂದ ಮೇಲಿನ ತಂತಿಯವರೆಗೆ ಒಂದೊಂದಾಗಿ ದಾಟುತ್ತ, ಮೊಣಕೈಯು ಉಯ್ಯಾಲೆಯಂತೆ ಒಳಕ್ಕೂ ಹೊರಕ್ಕೂ ಆಡುವುದನ್ನು ಗಮನಿಸಬೇಕು. ಬಳಿಕ ಒಂದೇ ತಂತಿಯ ಮೇಲೆ ಕೆಳಗಿನ ಷಡ್ಜದಿಂದ ಮೇಲಿನ ಷಡ್ಜದವರೆಗೆ ಬೆರಳನ್ನು ಸದ್ದಿಲ್ಲದೆ ಜಾರಿಸುತ್ತ, ಹೆಬ್ಬೆರಳು ಹಿಂದುಳಿಯದೆ ಜೊತೆಯಲ್ಲಿ ಬರುವಂತೆ ನೋಡಿಕೊಳ್ಳಬೇಕು. ನುಡಿಸುವಾಗ ನಡುನಡುವೆ ಹೆಬ್ಬೆರಳನ್ನು ಕ್ಷಣಕಾಲ ವಾದ್ಯದಿ೦ದ ಬಿಡಿಸಿ ನೋಡಬೇಕು. ಬಿಡಿಸಿದರೂ ವಾದ್ಯವು ಅಲುಗದಿದ್ದರೆ ಹಿಡಿತ ಸರಿಯಾಗಿದೆ, ಜಾರಿದರೆ ದೋಷವು ಎಲ್ಲಿದೆಯೆಂಬುದು ಕೂಡಲೆ ಗೊತ್ತಾಯಿತು. ಇಪ್ಪತ್ತು ನಿಮಿಷಕ್ಕೊಮ್ಮೆ ವಾದ್ಯವನ್ನು ಕೆಳಗಿಟ್ಟು ಕೈಯನ್ನು ಸಡಿಲಬಿಡುವುದನ್ನು ಸೋಮಾರಿತನವೆಂದು ಗದರಿಸಬಾರದು. ಎಳೆತವೇನಾದರೂ ಇದ್ದರೆ ಅದು ಮಗುವೇ ನಿಧಾನವಾಗಿ ಮಾಡಿಕೊಳ್ಳುವ ಎಳೆತವಾಗಿರಲಿ. ನೋವು ಮೊದಲಾಗುವುದಕ್ಕೆ ಮುಂಚೆ ನಿಲ್ಲಲಿ.

ಇದಕ್ಕೆಲ್ಲ ಹೊತ್ತೆಲ್ಲಿದೆ, ಜೂನಿಯರ್ ಪರೀಕ್ಷೆ ಹತ್ತಿರ ಬಂದಿತಲ್ಲ ಎಂಬ ಆಕ್ಷೇಪವೊಂದು ಉಳಿಯುತ್ತದೆ. ಪರೀಕ್ಷೆಯು ವಿದ್ಯೆಗಾಗಿ ಇರುವುದೋ ವಿದ್ಯೆಯು ಪರೀಕ್ಷೆಗಾಗಿ ಇರುವುದೋ ಎಂಬ ಹಳೆಯ ಪ್ರಶ್ನೆಯನ್ನು ಇಲ್ಲಿ ಎತ್ತಬೇಕಾಗಿಲ್ಲ. ಮೊದಲನೆಯ ಕಾಲದಲ್ಲಿ ಸಡಿಲವಾಗಿ ನುಡಿಸಲಾರದ ಕೈಯನ್ನು ಮೂರನೆಯ ಕಾಲಕ್ಕೆ ಓಡಿಸಿದರೆ, ಓಟದೊಡನೆ ಬಿಗಿಯೂ ಅಭ್ಯಾಸವಾಗುತ್ತದೆ. ಅಭ್ಯಾಸವು ಗುಣವನ್ನು ಹೇಗೆ ನೆಲೆಗೊಳಿಸುವುದೋ ದೋಷವನ್ನೂ ಹಾಗೆಯೇ ನೆಲೆಗೊಳಿಸುವುದು. ಜೂನಿಯರಿಗೆ ಉಳಿಸಿದ ಆರು ತಿಂಗಳನ್ನು ವಿದ್ವತ್ತಿನ ಹೊತ್ತಿಗೆ ಆರು ವರ್ಷಗಳ ಬಡ್ಡಿಯೊಡನೆ ತೆರಬೇಕಾದೀತು.

ಇನ್ನು ಹಣದ ಮಾತು. ಬೆಳೆಯುವ ಮಗುವಿಗೆ ಎರಡು ಮೂರು ವರ್ಷಕ್ಕೊಂದು ಪಿಟೀಲನ್ನು ಎಲ್ಲಿಂದ ತರುವುದು, ದೊಡ್ಡದೊಂದನ್ನೇ ಕೊಂಡರೆ ಮುಂದಕ್ಕೂ ಆಯಿತು, ಅಂಗಿಯನ್ನು ದೊಡ್ಡದಾಗಿ ಹೊಲಿಸುವುದಿಲ್ಲವೇ ಎಂದು ಗೃಹಸ್ಥರು ಕೇಳುತ್ತಾರೆ. ಕೇಳುವುದು ನ್ಯಾಯವಾಗಿದೆ, ಎಲ್ಲರ ಕೈಯಲ್ಲೂ ಹಣವಿಲ್ಲ. ಆದರೆ ದೊಡ್ಡ ಅಂಗಿಯು ಮೈಮೇಲೆ ಜೋಲುತ್ತದೆಯೇ ಹೊರತು ಮೈಯನ್ನು ತಿದ್ದುವುದಿಲ್ಲ. ದೊಡ್ಡ ವಾದ್ಯವು ದಿನವೂ ಮೈಗೆ ತಪ್ಪು ಪಾಠವನ್ನು ಹೇಳುತ್ತದೆ. ಇದಕ್ಕೆ ಪರಿಹಾರವು ಒಂದೊಂದು ಮನೆಯ ಕೈಯಲ್ಲಿಲ್ಲ, ಊರಿನ ಕೈಯಲ್ಲಿದೆ. ಅಟ್ಟಗಳ ಮೇಲೆ ಮಲಗಿರುವ ಚಿಕ್ಕ ಪಿಟೀಲುಗಳು ಹೊರಬರಲಿ. ಪುಸ್ತಕಗಳನ್ನು ಎರವಲು ಕೊಡುವ ವಾಚನಾಲಯಗಳಂತೆ ನಂಜನಗೂಡಿನಲ್ಲೊಂದು, ತಿ. ನರಸೀಪುರದಲ್ಲೊಂದು ಕಡೆ, ಕಾಲು ಅರ್ಧ ಮುಕ್ಕಾಲು ಅಳತೆಯ ಕೆಲವು ವಾದ್ಯಗಳನ್ನು ಸಂಗ್ರಹಿಸಿಟ್ಟು ಮಕ್ಕಳಿಗೆ ಎರವಲು ಕೊಡುವ ಏರ್ಪಾಡನ್ನು ಸಾಹಿತ್ಯ ಸಂಗೀತಗಳ ಸಂಘಗಳು ಕೈಗೊಳ್ಳಬಹುದು. ರಾಮನವಮಿಯ ಚಪ್ಪರಕ್ಕೆ ಚಂದಾ ಕೂಡಿಸಬಲ್ಲ ಊರುಗಳಿಗೆ ಇದು ಭಾರವಾದ ಕೆಲಸವಲ್ಲ.

ಆದುದರಿಂದ ಸಿದ್ಧಾಂತವು ಹೀಗೆ ನಿಲ್ಲುತ್ತದೆ. ಎಡಗೈಯ ಬಿಗಿಯು ಬಹುಪಾಲು ಕೈಯ ಗುಣವಲ್ಲ. ಅಲುಗುವ ವಾದ್ಯ, ಅತಿಯಾದ ಒತ್ತಡ, ಮೀರಿದ ಅಳತೆ, ಭಯ, ಅವಸರ, ಈ ಐದರ ಫಲ. ಈ ಐದೂ ಹಿರಿಯರ ಅಧೀನದಲ್ಲಿವೆ, ಒಂದೂ ಮಗುವಿನ ಅಧೀನದಲ್ಲಿಲ್ಲ. ಪಾಠ ಹೇಳುವವರು ಬೆರಳನ್ನು ತಿದ್ದುವುದಕ್ಕೆ ಮುಂಚೆ ಬಲಗಾಲಿನ ಹರಡನ್ನು ನೋಡಲಿ. ಮನೆಯವರು ಕೈಯನ್ನು ಹಳಿಯುವುದಕ್ಕೆ ಮುಂಚೆ ವಾದ್ಯವನ್ನು ಅಳೆಯಲಿ. ಸಂಘಗಳು ಚೌಡಯ್ಯನವರ ಪಟಕ್ಕೆ ಹಾರ ಹಾಕುವುದರ ಜೊತೆಗೆ ಒಂದು ಅರ್ಧ ಅಳತೆಯ ಪಿಟೀಲನ್ನು ಕೊಂಡಿಡಲಿ. ಇಷ್ಟನ್ನೂ ಮಾಡಿದ ಮೇಲೆ ಯಾವುದಾದರೂ ಮಗುವಿಗೆ ಪಿಟೀಲು ಬರಲಿಲ್ಲವೆಂದು ಹೇಳುವ ಅಧಿಕಾರವು ಹಿರಿಯರಿಗೆ ಉಂಟಾದೀತು. ಅದಕ್ಕೆ ಮುಂಚೆ ಇಲ್ಲ.